ಮೇಜಿಗೆ ಚಪ್ಪಲಿ ತೊಡಿಸಿದ ರಟ್ಟಕ್ಕ

ಭೂಮಿಯನ್ನು ಎಂಟು ದಿಕ್ಕಿನಲ್ಲಿ ಎಂಟು ಆನೆಗಳು ಹೊತ್ತು ನಿಂತಿವೆ ಎಂದು ಹಿರಿಯರು ಹೇಳುತ್ತಿದ್ದರು. ಅವುಗಳಲ್ಲಿ ಒಂದಕ್ಕೆ ಮಂಡಿನೋವು ಬಂದು ಕಾಲು ಚೂರು ಮಡಚಿದರೆ ಲೋಕದ ಗತಿಯೇನು ಎಂಬುದನ್ನು ಮಾತ್ರ ಹೇಳಲಿಲ್ಲ. ನಮ್ಮ ದೊಡ್ಡಾಸ್ಪತ್ರೆಯಲ್ಲಿ ಆ ಪ್ರಶ್ನೆಗೆ ಉತ್ತರ ಸಿದ್ಧವಿತ್ತು: ರಟ್ಟಕ್ಕನಿಗೆ ಹೇಳಿಕಳಿಸುವುದು. ಅವಳು ಬರುತ್ತಾಳೆ, ಕಣ್ಣು ಕಿರಿದು ಮಾಡಿ ದಿಗಂತವನ್ನೊಮ್ಮೆ ನೋಡುತ್ತಾಳೆ, ಚೀಲದಿಂದ ಒಂದು ರಟ್ಟಿನ ತುಂಡು ತೆಗೆದು ಮಡಿಸಿ ಆನೆಯ ಪಾದದಡಿಗೆ ತಳ್ಳುತ್ತಾಳೆ, ಕೈ ಕೊಡವಿಕೊಂಡು ಹೊರಡುತ್ತಾಳೆ. ಆನೆ ಉಪಕಾರ ನೆನೆಯಲು ಸೊಂಡಿಲು ಎತ್ತುವಷ್ಟರಲ್ಲಿ ಬಸ್ಸು ಹತ್ತಿರುತ್ತಾಳೆ.

ಸಂಗತಿ ಇಷ್ಟೇ: ಅಲ್ಲಾಡುವ ಮೇಜನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಔಷಧದ ಪೆಟ್ಟಿಗೆಗಳಿಂದ ಕತ್ತರಿಸಿದ ರಟ್ಟಿನ ತುಂಡುಗಳು, ದಪ್ಪದ್ದು ತೆಳುವಿನದ್ದು ಬೇರೆ ಬೇರೆ, ರಬ್ಬರ್ ಬ್ಯಾಂಡ್ ಹಾಕಿಕೊಂಡು ಅವಳ ಚೀಲದಲ್ಲಿ ಸದಾ ಇರುತ್ತಿದ್ದವು. ಬ್ಯಾಂಕಿನಲ್ಲಿ, ಬಸ್ ನಿಲ್ದಾಣದ ಕ್ಯಾಂಟೀನಿನಲ್ಲಿ, ಮಗಳ ಶಾಲೆಯ ಪೋಷಕರ ಸಭೆಯಲ್ಲಿ, ಎಲ್ಲಿ ಮೇಜು ಕುಂಟಿದರೂ ಮಾತಿನ ಮಧ್ಯದಲ್ಲೇ ಮಾಯವಾಗಿ ಕೆಳಗಿನಿಂದ ಉದ್ಭವಿಸುತ್ತಿದ್ದಳು. ಒಮ್ಮೆ ವಕೀಲರ ಕಚೇರಿಯಲ್ಲಿ ಸೋದರಮಾವಂದಿರಿಬ್ಬರು ಮನೆ ಪಾಲಿಗಾಗಿ ಮೇಜು ಗುದ್ದುತ್ತಿದ್ದರು. ಇವಳು ಬಗ್ಗಿ ಎದ್ದಳು. ಮೇಜು ಸದ್ದು ಮಾಡುವುದನ್ನು ನಿಲ್ಲಿಸಿದ್ದೇ ತಡ, ಗುದ್ದುವುದರಲ್ಲಿ ಸುಖವಿಲ್ಲವೆನ್ನಿಸಿ ಇಬ್ಬರೂ ಸಹಿ ಹಾಕಿದರಂತೆ. ಈ ಗೀಳಿನ ಮೂಲದ ಬಗ್ಗೆ ಆಸ್ಪತ್ರೆಯಲ್ಲಿ ಮೂರು ಪಂಥಗಳಿದ್ದವು. ಸಾಯುವ ಹೊತ್ತಿನಲ್ಲಿ ಬಡಗಿ ತಾತ ಭಾಷೆ ತೆಗೆದುಕೊಂಡಿದ್ದ ಎಂದು ಒಂದು ಪಂಥ. ಬಾಲ್ಯದಲ್ಲಿ ಮೇಜಿನಿಂದ ದೀಪ ಉರುಳಿ ಮನೆಯೇ ಹತ್ತಿಕೊಂಡಿತ್ತು ಎಂದು ಇನ್ನೊಂದು. ಯಾವುದೋ ಪ್ರೇಮಪತ್ರದ ಮೇಲೆ ಶಾಯಿ ಕುಡಿಕೆ ಮಗುಚಿ ಬಾಳೇ ತಿರುಗಿತು ಎಂಬುದು ನರ್ಸುಗಳ ವಾರ್ಡಿನ ಪಂಥ. ಅಲ್ಲಿಗೆ ಅನುಯಾಯಿಗಳು ಜಾಸ್ತಿ. ರಟ್ಟಕ್ಕನ ಗಂಡ ಡ್ರಾಯಿಂಗ್ ಮೇಷ್ಟ್ರು. ಅವರನ್ನು ವಿಚಾರಿಸಿದರೆ, ಮದುವೆಯಾಗಿ ಇಪ್ಪತ್ತು ವರ್ಷವಾದರೂ ಕೇಳುವ ಧೈರ್ಯ ಬಂದಿಲ್ಲ ಎನ್ನುತ್ತಿದ್ದರು. ಹೆತ್ತ ತಾಯಿಯ ಅಭಿಪ್ರಾಯ ಇನ್ನೂ ಚಿಕ್ಕದು: "ಊರಿನ ಮೇಜಿಗೆಲ್ಲ ಚಪ್ಪಲಿ ಹಾಕ್ಕೊಂಡು ಬರ್ತಾಳೆ, ತನ್ನ ಚಪ್ಪಲಿ ಹರಿದಿರೋದು ಕಾಣಲ್ಲ."

ಆ ಮಾತು ಎಂಥ ಭವಿಷ್ಯವಾಣಿಯಾಗಲಿದೆ ಎಂದು ಆ ಮುದುಕಿಗೂ ತಿಳಿದಿರಲಿಲ್ಲ.

ರಟ್ಟಕ್ಕನ ರಣರಂಗ ಆಸ್ಪತ್ರೆಯ ಹಿಂಭಾಗದ ಲ್ಯಾಬ್. ಎರಡು ಕಿಟಕಿ, ಒಂದು ಸಿಂಕು, ಬೆಚ್ಚಗಿನ ಕಪಾಟಿನಂಥ ಇನ್‌ಕ್ಯುಬೇಟರ್, ಗೋಡೆಗೆ ತಾಗಿ ಒಂದು ಉದ್ದ ಮೇಜು. ಬಾಗಿಲಲ್ಲಿ 'ಒಳಗೆ ತಿಂಡಿ ಚಹಾ ನಿಷಿದ್ಧ' ಎಂಬ ಬೋರ್ಡು. ಗಾಯಗಳ ಕೀವು ಹತ್ತಿಯ ಕಡ್ಡಿಯ ತುದಿಯಲ್ಲಿ ಅಲ್ಲಿಗೆ ಬರುತ್ತಿತ್ತು. ಅದರೊಳಗಿನ ಸೂಕ್ಷ್ಮಾಣುವನ್ನು ಬೆಳೆಸಿ, ಯಾವ ಔಷಧಕ್ಕೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವ ಕುಳವಲ್ಲ ಎಂದು ಹೇಳುವುದು ಅವಳ ಕೆಲಸ. ಗಾಜಿನ ಪ್ಲೇಟಿನಲ್ಲಿ ಅಗರ್ ಎಂಬ ಗಂಜಿಯಂಥದ್ದನ್ನು ಬಿಸಿಯಾಗಿ ಸುರಿದರೆ ಆರಿ ಗಟ್ಟಿಯಾಗುತ್ತದೆ. ಅದರ ಮೇಲೆ ಸೂಕ್ಷ್ಮಾಣುವನ್ನು ಬಿತ್ತನೆಯ ಹಾಗೆ ಸಮವಾಗಿ ಸವರಿ, ಒಂದೊಂದು ಔಷಧದಲ್ಲಿ ಅದ್ದಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಚಿಮಟದಿಂದ ಇಡಬೇಕು. ಮರುದಿನ ನೋಡಿದರೆ ಪ್ಲೇಟಿನ ತುಂಬ ಬೆಳೆ ಬಂದಿರುತ್ತದೆ. ಬಲವುಳ್ಳ ಔಷಧದ ಸುತ್ತ ಮಾತ್ರ ಏನೂ ಬೆಳೆಯದೆ ದುಂಡಗೆ ಬಯಲು ಬಿಟ್ಟಿರುತ್ತದೆ. ಆ ಬಯಲಿನ ಅಗಲವನ್ನು ಮಿಲಿಮೀಟರಿನಲ್ಲಿ ಅಳೆದು, ಪಟ್ಟಿಯಲ್ಲಿ ಆ ಔಷಧಕ್ಕೆ ಕೊಟ್ಟ ಅಂಕಿಯನ್ನು ಮುಟ್ಟಿದೆಯೇ ಎಂದು ನೋಡುವುದು. ಮುಟ್ಟಿದರೆ ಆ ಔಷಧ ಕೊಡಬಹುದು. ಕಡಿಮೆಯಾದರೆ ನಂಬುವ ಹಾಗಿಲ್ಲ. ರಟ್ಟಕ್ಕ ತನ್ನದೇ ಸ್ಟೀಲ್ ಸ್ಕೇಲಿನಿಂದ ಮೂರು ಸಲ ಅಳೆಯುತ್ತಿದ್ದಳು. ಮೂರೂ ಒಂದೇ ಬಂದರೆ ಮಾತ್ರ ಪೆನ್ನು ಮುಟ್ಟುತ್ತಿದ್ದಳು.

ಲ್ಯಾಬಿನಲ್ಲಿ ಅವಳ ಜೊತೆಗಾರ ಕುಕ್ಕರಣ್ಣ. ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದ ಈತ ಅಗರ್ ಬೇಯಿಸುವ ದೊಡ್ಡ ಪ್ರೆಶರ್ ಪಾತ್ರೆಯ ಅಧಿಪತಿ. ಔಷಧಗಳ ಉದ್ದುದ್ದ ಹೆಸರು ನಾಲಗೆಗೆ ಹೊರಳದೆ ಅಡ್ಡಹೆಸರು ಇಟ್ಟವನೂ ಈತನೇ. ಈಚೆಗೆ ಬಂದ ದುಬಾರಿ ಔಷಧವೊಂದಕ್ಕೆ 'ಹೊಸ ಅಳಿಯ' ಎನ್ನುತ್ತಿದ್ದ: ಉಪಚಾರ ಬಹಳ, ದುಡಿಮೆ ಎಷ್ಟೆಂದು ಕಾದು ನೋಡಬೇಕು. ಹಳೆಯ ಅಗ್ಗದ ಔಷಧವೊಂದಕ್ಕೆ 'ಮುದಿ ಮಾವ': ಕೆಲಸಗಾರ, ಆದರೆ ಮುಂಗೋಪಿ, ಸಲುಗೆ ಕೊಟ್ಟರೆ ಮೂತ್ರಪಿಂಡಕ್ಕೇ ಒದೆಯುತ್ತಾನೆ. ಆ ವರ್ಷದ ಪಟ್ಟಿಯ ಪ್ರಕಾರ ಅಳಿಯನಿಗೆ ಹದಿನೆಂಟು ಮಿಲಿಮೀಟರ್ ಬಯಲು ಬೇಕು, ಮಾವನಿಗೆ ಹದಿನೈದು ಸಾಕು.

ಆ ವಾರ ರಟ್ಟಕ್ಕ ಸೋಮವಾರದಿಂದ ಮೂರು ದಿನ ರಜೆ ಹಾಕಿದ್ದಳು. ತಾಯಿಗೆ ಕಣ್ಣಿನ ಆಪರೇಷನ್. ಗುರುವಾರ ಬೆಳಿಗ್ಗೆ ಬಂದವಳೇ ಇನ್‌ಕ್ಯುಬೇಟರ್ ತೆರೆದಾಗ ಒಂದು ಪ್ಲೇಟಿನಿಂದ ದ್ರಾಕ್ಷಿಯ ಸಿಹಿ ವಾಸನೆ ಬಂತು. ಬೆಳೆ ಹಸಿರು ಛಾಯೆಯದು. ಗುರುತು ಹಚ್ಚಲು ಕಷ್ಟವಿರಲಿಲ್ಲ. ಒದ್ದೆ ಜಾಗ ಹುಡುಕಿಕೊಂಡು ಬದುಕುವ, ಹತ್ತರಲ್ಲಿ ಆರು ಔಷಧಕ್ಕೆ ಬಾಗಿಲು ತೆರೆಯದ ಹಟಮಾರಿ. ಅದು ಒಬ್ಬ ಅಂಚೆಯವನ ಬಲಗಾಲಿನ ಗಾಯದಿಂದ ಬಂದಿತ್ತು. ಕಾಗದ ಕೊಡಲು ಹೋದವನು ಕಟ್ಟುತ್ತಿದ್ದ ಮನೆಯ ಅಂಗಳದಲ್ಲಿ ಮೊಳೆ ತುಳಿದಿದ್ದ. ಮೊಳೆ ರಬ್ಬರ್ ಬೂಟು ತೂರಿ ಪಾದದೊಳಕ್ಕೆ ಹೋಗಿತ್ತು. ಸಕ್ಕರೆ ಕಾಯಿಲೆಯಿದ್ದ ಕಾರಣ ನೋವು ಸರಿಯಾಗಿ ತಿಳಿಯದೆ, ಅದೇ ಬೆವೆತ ಬೂಟಿನಲ್ಲಿ ಇನ್ನೂ ಮೂರು ದಿನ ನಡೆದಿದ್ದ.

ಹಿಂದಿನ ದಿನ ಕುಕ್ಕರಣ್ಣ ಬಿಲ್ಲೆ ಇಟ್ಟಿದ್ದ ಪ್ಲೇಟು ಅದು. ರಟ್ಟಕ್ಕ ಅಳೆದಳು. ಅಳಿಯ ಹತ್ತೊಂಬತ್ತು. ಮಾವ ಹದಿಮೂರು. ಮಿಕ್ಕವರೆಲ್ಲ ಲೆಕ್ಕಕ್ಕಿಲ್ಲ. ಮೂರು ಸಲ ಅಳೆದರೂ ಅಷ್ಟೇ. ಬೇಕಾದ್ದಕ್ಕಿಂತ ಒಂದು ಮಿಲಿಮೀಟರ್ ಹೆಚ್ಚು ಬಯಲಿನೊಂದಿಗೆ ಅಳಿಯ ಗೆದ್ದಿದ್ದ. ವರದಿ ಬರೆದು ಸಹಿ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಅಂಚೆಯವನ ರಕ್ತನಾಳಕ್ಕೆ ಅಳಿಯನ ಪ್ರವೇಶವಾಯಿತು.

ಶನಿವಾರ ಬೆಳಿಗ್ಗೆ ಹತ್ತೂವರೆಗೆ ಸರ್ಜನ್ ಸ್ವತಃ ಲ್ಯಾಬಿಗೆ ಬಂದರು. ಫೋನ್ ಮಾಡದೆ ಅವರು ಬಂದರೆ ಒಳ್ಳೆಯ ಸುದ್ದಿಯಿರುವುದಿಲ್ಲ. ಕೈಯಲ್ಲಿ ರಟ್ಟಕ್ಕನ ವರದಿ ಇತ್ತು.

"ನಿಮ್ಮ ಕಾಗದದಲ್ಲಿ ಸೂಕ್ಷ್ಮಾಣು ಬಗ್ಗಿದೆ ಅಂತ ಇದೆ," ಎಂದರು. "ಕಾಲಿನಲ್ಲಿ ಬಗ್ಗಿಲ್ಲ. ಎರಡು ದಿನ ಆಯ್ತು, ಕೆಂಪು ಏರ್ತಾನೇ ಇದೆ."

ಅಂಚೆಯವನ ಪಾದದ ಎರಡು ಬೆರಳು ಆಗಲೇ ಕಪ್ಪಾಗಿದ್ದವು. ಪಾದದ ಗಂಟಿನ ಮೇಲೆ, ಕೆಂಪು ಬಂದು ನಿಂತ ಜಾಗದಿಂದ ಎರಡು ಬೆರಳಷ್ಟು ಎತ್ತರದಲ್ಲಿ, ಅವರು ಪೆನ್ನಿನಿಂದ ಒಂದು ಗೆರೆ ಎಳೆದಿದ್ದರು. ಕೆಂಪು ಆ ಗೆರೆ ಮುಟ್ಟಿದರೆ ಕೂಡಲೇ ಪಾದ ತೆಗೆಯುವುದು, ತೆಗೆಯದಿದ್ದರೆ ಜೀವಕ್ಕೇ ಅಪಾಯ. ಮುಟ್ಟದಿದ್ದರೂ ಹೆಚ್ಚೆಂದರೆ ಭಾನುವಾರ ಬೆಳಿಗ್ಗೆ ಏಳರವರೆಗೆ, ಆ ಹೊತ್ತಿಗೆ ಥಿಯೇಟರ್ ಕಾದಿರಿಸಿಯಾಗಿತ್ತು. ಬೇರೇನಾದರೂ ಕಂಡರೆ ತಿಳಿಸಿ ಎಂದು ಹೇಳಿ ಹೊರಟರು. ಆ ದನಿಯಲ್ಲಿ ಕಾಣುವ ಭರವಸೆಯೇನೂ ಇರಲಿಲ್ಲ.

ರಟ್ಟಕ್ಕ ಹಳೆಯ ಪ್ಲೇಟನ್ನು ಹೊರತೆಗೆದು ಮತ್ತೆ ಅಳೆದಳು. ಹತ್ತೊಂಬತ್ತು, ಹದಿಮೂರು. ಬಿಲ್ಲೆಗಳ ತಾರೀಖು ನೋಡಿದಳು. ಸರಿಯಿತ್ತು. ಪ್ರತಿ ಸೋಮವಾರ, ಯಾವ ಔಷಧಕ್ಕೆ ಎಷ್ಟು ಬಗ್ಗುತ್ತದೆಂದು ಮೊದಲೇ ಗೊತ್ತಿರುವ ಒಂದು ಸಭ್ಯ ಸೂಕ್ಷ್ಮಾಣುವನ್ನು ಬೆಳೆಸಿ ಲ್ಯಾಬಿನ ಮೇಲೇ ಪರೀಕ್ಷೆ ನಡೆಸುವ ಕ್ರಮವಿತ್ತು. ಆ ಪುಸ್ತಕವನ್ನೂ ನೋಡಿದಳು. ಅಲ್ಲೂ ಎಲ್ಲ ಸರಿ. ಹಾಗಾದರೆ ಏನು? ಯೋಚಿಸುತ್ತ ಪೆನ್ಸಿಲನ್ನು ಮೇಜಿನ ಮೇಲಿಟ್ಟಳು.

ಪೆನ್ಸಿಲು ಉರುಳಿ ಕೆಳಗೆ ಬಿತ್ತು.

ಎತ್ತಿಟ್ಟಳು. ಅದು ಯಾರೋ ಕರೆದಂತೆ ಅದೇ ದಿಕ್ಕಿಗೆ ಉರುಳಿ ಮತ್ತೆ ಬಿತ್ತು. ಮೂರನೆಯ ಸಲಕ್ಕೆ ರಟ್ಟಕ್ಕನ ಮುಖ ಸುಣ್ಣವಾಯಿತು. ನೆಲಕ್ಕೆ ಮಂಡಿಯೂರಿ ಮೇಜಿನಡಿ ತಲೆ ಹಾಕಿದಳು. ಹನ್ನೊಂದು ವರ್ಷದಿಂದ ಆ ಎಡಗಡೆಯ ಕಾಲಿನಡಿ ಇದ್ದ, ಅವಳ ಕೈಯಾರೆ ಮಡಿಸಿದ, ಕಪ್ಪಗೆ ಜಿಡ್ಡುಗಟ್ಟಿದ ರಟ್ಟು ಇರಲಿಲ್ಲ. ಆ ಜಾಗದಲ್ಲಿ ನೆಲ ಚೌಕಾಕಾರವಾಗಿ ಹೊಸದರ ಹಾಗೆ ಹೊಳೆಯುತ್ತಿತ್ತು.

"ಅಣ್ಣ," ಎಂದಳು ಮೇಜಿನಡಿಯಿಂದಲೇ, "ಇಲ್ಲಿದ್ದ ರಟ್ಟು ಏನಾಯ್ತು?"

ಕುಕ್ಕರಣ್ಣ ಗಂಟಲು ಸರಿಮಾಡಿಕೊಂಡ. ತಪಾಸಣೆಯವರು ಬರುತ್ತಾರೆಂದು ಸೋಮವಾರ ಮಧ್ಯಾಹ್ನ ಲ್ಯಾಬ್ ತೊಳೆಸಿದ್ದು, ಲ್ಯಾಬಿನ ಮುಖ್ಯಸ್ಥರು ಬಗ್ಗಿ ನೋಡಿ ಇದೇನು ಕಸ ಎಂದು ಕಾಲಿನಿಂದ ತಳ್ಳಿದ್ದು, ಪೊರಕೆಯವಳು ಗುಡಿಸಿಕೊಂಡು ಹೋದದ್ದು ಎಲ್ಲ ಒಂದೊಂದಾಗಿ ಹೊರಬಂತು. "ಮೇಜು ಅಲ್ಲಾಡ್ಲಿಲ್ಲ ತಂಗಿ," ಎಂದ. "ಗೋಡೆಗೆ ಒರಗಿಸಿದ್ವಲ್ಲ, ಗಟ್ಟಿಯಾಗೇ ನಿಂತಿತ್ತು."

ಅದೇ ಮೋಸ. ಅಲ್ಲಾಡಿದ್ದರೆ ಅವಳಿಗೆ ಬಾಗಿಲಲ್ಲೇ ತಿಳಿಯುತ್ತಿತ್ತು. ಒರಗಿ ನಿಂತ ಮೇಜು ಸದ್ದಿಲ್ಲದೆ ವಾಲಿತ್ತು. ಮಂಗಳವಾರ ಅದರ ಮೇಲೆ ಸಾಲಾಗಿ ಇಟ್ಟ ಪ್ಲೇಟುಗಳಿಗೆ ಕುಕ್ಕರಣ್ಣ ಬಿಸಿ ಅಗರ್ ಸುರಿದಿದ್ದ. ವಾಲಿದ ತಟ್ಟೆಯಲ್ಲಿ ಗಂಜಿ ಹೇಗೆ ಒಂದು ಕಡೆ ನಿಲ್ಲುತ್ತದೆಯೋ ಹಾಗೆ ಅಗರ್ ಒಂದು ಮಗ್ಗುಲಿಗೆ ಸರಿದು ಗಟ್ಟಿಯಾಗಿತ್ತು. ರಟ್ಟಕ್ಕ ಅಂಚೆಯವನ ಪ್ಲೇಟನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಪಕ್ಕದಿಂದ ನೋಡಿದಳು, ಸೂಜಿ ಚುಚ್ಚಿ ಆಳ ಅಳೆದಳು. ಎಲ್ಲ ಕಡೆ ನಾಲ್ಕು ಮಿಲಿಮೀಟರ್ ಇರಬೇಕಾದದ್ದು ಒಂದು ಅಂಚಿನಲ್ಲಿ ಎರಡೂವರೆ, ಎದುರು ಅಂಚಿನಲ್ಲಿ ಐದೂವರೆ. ತೆಳುವಿದ್ದ ಕಡೆ ಔಷಧ ಆಳಕ್ಕಿಳಿಯಲು ಜಾಗವಿಲ್ಲದೆ ಅಗಲಕ್ಕೆ ಹರಡುತ್ತದೆ, ಬಯಲು ಸುಳ್ಳಾಗಿ ಹಿಗ್ಗುತ್ತದೆ. ದಪ್ಪವಿದ್ದ ಕಡೆ ಕುಗ್ಗುತ್ತದೆ. ಅಳಿಯ ಕುಳಿತಿದ್ದು ತೆಳುವಿನ ಮೇಲೆ. ಮಾವ ಕುಳಿತಿದ್ದು ದಪ್ಪದ ಮೇಲೆ. ಸೋಮವಾರದ ಪರೀಕ್ಷೆ ಹಿಂದಿನ ವಾರದ ಪ್ಲೇಟಿನಲ್ಲಿ ನಡೆದಿದ್ದರಿಂದ ಈ ಗುಟ್ಟು ಯಾರಿಗೂ ತಿಳಿದಿರಲಿಲ್ಲ.

ಊರಿನ ಬ್ಯಾಂಕು, ಕೋರ್ಟು, ಕ್ಯಾಂಟೀನುಗಳ ಮೇಜನ್ನೆಲ್ಲ ಉದ್ಧಾರ ಮಾಡಿದ ವೀರಾಗ್ರಣಿ ತನ್ನ ಮೇಜಿನಡಿ ಮಾತ್ರ ನೋಡಿರಲಿಲ್ಲ. ಅಳತೆ ಮೂರು ಸಲ ಸರಿಯಾಗಿತ್ತು. ಅಳೆದ ವಸ್ತುವೇ ಸೊಟ್ಟಗಿತ್ತು.

ಮುಖ್ಯಸ್ಥರು ಇದನ್ನು ಕೇಳಿ ಬಾಗಿಲು ಮುಂದಕ್ಕೆ ಎಳೆದುಕೊಂಡರು. ತಪಾಸಣೆ ಮುಗಿಯುವವರೆಗೆ ಸದ್ದು ಬೇಡ, ಸೋಮವಾರ ಹೊಸ ವರದಿ ಕಳಿಸಿದರಾಯಿತು ಎಂಬುದು ಅವರ ಸಲಹೆ. ಸೋಮವಾರದ ಹೊತ್ತಿಗೆ ಪಾದವೇ ಇರುವುದಿಲ್ಲವಲ್ಲ ಎಂದು ರಟ್ಟಕ್ಕ ಹೇಳಿದ್ದಕ್ಕೆ ಅವರು ಕಿಟಕಿಯ ಕಡೆ ನೋಡಿದರು. ಅವಳು ಅಲ್ಲೇ ನಿಂತು, ಆ ಪ್ಲೇಟುಗಳ ಮೇಲೆ ಓದಿದ ಏಳೂ ವರದಿಗಳನ್ನು ಹಿಂಪಡೆದಿದ್ದೇನೆ ಎಂದು ಬರೆದು ಸಹಿ ಹಾಕಿ, ಒಂದು ಪ್ರತಿ ಅವರ ಮೇಜಿನ ಮೇಲಿಟ್ಟು ವಾರ್ಡಿಗೆ ನಡೆದಳು.

ಸರ್ಜನ್ ಪೂರ್ತಿ ಕೇಳಿಸಿಕೊಂಡರು. ಮೇಜು, ರಟ್ಟು, ಅಗರ್ ಎಂದಾಗ ಹುಬ್ಬು ಏರುತ್ತ ಹೋಯಿತು. ಹಾಗಾದರೆ ಈಗಲೇ ಹಳೆಯ ಔಷಧ ಶುರು ಮಾಡಿ ಎಂದು ಅವಳು ಕೇಳಿಕೊಂಡಳು.

"ಸಕ್ಕರೆ ಕಾಯಿಲೆಯವನ ಮೂತ್ರಪಿಂಡ ಮೊದಲೇ ಅರ್ಧ ಕೆಲಸ ಮಾಡ್ತಿದೆ. ಅದನ್ನ ಪಣಕ್ಕಿಡೋಕೆ ಏನಾದ್ರೂ ಆಧಾರ ಬೇಕಲ್ಲ," ಎಂದರು ಸರ್ಜನ್. "ನೀವು ಬರೆದುಕೊಟ್ಟಿದ್ದು ಒಂದು, ಈಗ ಬಾಯಲ್ಲಿ ಹೇಳ್ತಿರೋದು ಇನ್ನೊಂದು. ನಾನು ಯಾವ ರಟ್ಟಕ್ಕನ್ನ ನಂಬಲಿ?"

"ಯಾರನ್ನೂ ನಂಬಬೇಡಿ ಸಾರ್. ಹೊಸ ಪ್ಲೇಟ್ ಹಾಕ್ತೀನಿ, ಅದನ್ನ ನಂಬಿ."

"ಎಷ್ಟು ಹೊತ್ತು?"

"ಹಾಕಿದ ಮೇಲೆ ಹದಿನಾರು ಗಂಟೆ. ಅದಕ್ಕಿಂತ ಮುಂಚೆ ಓದಿದ್ರೆ ಮತ್ತೆ ಸುಳ್ಳೇ."

ನಾಳೆ ಬೆಳಿಗ್ಗೆ ಏಳರವರೆಗೆ, ಎಂದರು ಅವರು. ಅದಕ್ಕಿಂತ ಮೊದಲು ಕೆಂಪು ಬಂದು ಗೆರೆ ಮುಟ್ಟಿದರೆ ಯಾವ ಪ್ಲೇಟಿಗೂ ಕಾಯುವುದಿಲ್ಲ.

ಹಾಸಿಗೆಯ ಮೇಲೆ ಅಂಚೆಯವನು ಬಲಗಾಲನ್ನು ಎರಡು ದಿಂಬಿನ ಮೇಲೆ ಏರಿಸಿಕೊಂಡು, ಅದು ಬೇರೆ ಯಾರದೋ ಪಾರ್ಸೆಲ್ ಎಂಬಂತೆ ನೋಡುತ್ತಿದ್ದ. ಹೆಂಡತಿ ಪಕ್ಕದ ಸ್ಟೂಲಿನಲ್ಲಿದ್ದಳು. ರಟ್ಟಕ್ಕ ತಾನು ಯಾರೆಂದು ಹೇಳಿದಳು, ತಪ್ಪು ತನ್ನದೆಂದೂ ಹೇಳಿದಳು.

"ಕಾಗದ ತಪ್ಪಿ ಬೇರೆ ಮನೆಗೆ ಹೋಗಿದೆ, ಅಷ್ಟೇ ತಾನೆ ಅಕ್ಕ?" ಎಂದ ಅಂಚೆಯವನು. "ಮೂವತ್ತು ವರ್ಷದಲ್ಲಿ ನಾನೂ ಹಾಕಿದ್ದೀನಿ. ವಾಪಸ್ ತಂದು ಸರಿ ಮನೆಗೆ ಹಾಕಿದ್ರಾಯ್ತು."

ಹೆಂಡತಿ ಅವನತ್ತ ತಿರುಗಲೂ ಇಲ್ಲ. "ಕಾಗದ ವಾಪಸ್ ತರಬಹುದು ರೀ," ಎಂದಳು ರಟ್ಟಕ್ಕನನ್ನೇ ನೋಡುತ್ತ. "ಕಾಲು ತರೋಕಾಗುತ್ತಾ?"

ರಟ್ಟಕ್ಕ ಲ್ಯಾಬಿನತ್ತ ಹೊರಟಳು. ಗಡಿಯಾರ ಹನ್ನೆರಡು ಹೊಡೆದಿತ್ತು. ಹದಿನಾರು ಗಂಟೆ ಹಿಂದಕ್ಕೆ ಎಣಿಸಿದರೆ, ಮಧ್ಯಾಹ್ನ ಮೂರರೊಳಗೆ ಬಿಲ್ಲೆ ಇಟ್ಟಿರಲೇಬೇಕು.

ಅಲ್ಲಿಂದ ಮೂರರವರೆಗೆ ನಡೆದದ್ದನ್ನು ಕುಕ್ಕರಣ್ಣ ಇಂದಿಗೂ ಯುದ್ಧದ ವರ್ಣನೆಯಂತೆ ಹೇಳುತ್ತಾನೆ. ಪುಡಿ ತೂಗಿ, ಕರಗಿಸಿ, ತನ್ನ ಪ್ರೆಶರ್ ಪಾತ್ರೆಗೆ ಏರಿಸಿದ. ಅದು ಅಂದು ಬೇಕೆಂದೇ ನಿಧಾನವಾಗಿ ಉಸಿರಾಡಿತು ಎಂಬುದು ಅವನ ದೂರು. ಒಳಗಿನದು ಕುದಿಯುತ್ತಿದ್ದಾಗ ರಟ್ಟಕ್ಕ ಮೇಜನ್ನು ಗೋಡೆಯಿಂದ ಎಳೆದು, ಚೀಲದ ರಟ್ಟುಗಳನ್ನೆಲ್ಲ ನೆಲಕ್ಕೆ ಸುರಿದು, ತೆಳುವಿನದ್ದೊಂದು ಹಾಕಿ ತೆಗೆದು, ದಪ್ಪದ್ದು ಹಾಕಿ ತೆಗೆದು, ಕೊನೆಗೆ ಎರಡನ್ನು ಕೂಡಿಸಿದಳು. ಪೆನ್ಸಿಲ್ ಇಟ್ಟಳು. ಅದು ಕದಲಲಿಲ್ಲ. ಉದ್ದಕ್ಕೆ ಇಟ್ಟಳು, ಅಡ್ಡಕ್ಕೆ ಇಟ್ಟಳು. ಸತ್ತಂತೆ ಬಿದ್ದಿತ್ತು. ಅಗರ್ ಬಂದಾಗ ಫ್ಲಾಸ್ಕನ್ನು ಮಣಿಕಟ್ಟಿಗೆ ತಾಗಿಸಿ ನೋಡಿದಳು, ಇನ್ನೂ ಬಿಸಿ. ಕಾದಳು. ಒಂದೂವರೆ. ಮತ್ತೆ ತಾಗಿಸಿದಳು. ಅಳೆದು ಸುರಿದಳು. ಗಟ್ಟಿಯಾಗಲು ಬಿಟ್ಟಳು. ಒಂದನ್ನು ಬಲಿಕೊಟ್ಟು ಐದು ಕಡೆ ಸೂಜಿ ಚುಚ್ಚಿ ಅಳೆದಳು: ಎಲ್ಲೆಲ್ಲೂ ನಾಲ್ಕು. ಗಂಟೆ ಎರಡೂಕಾಲಾದಾಗ ಸೂಕ್ಷ್ಮಾಣುವನ್ನು ನೀರಿನಲ್ಲಿ ಕದಡಿ, ಎಷ್ಟು ಮಬ್ಬಾಗಿರಬೇಕೋ ಅಷ್ಟೇ ಮಬ್ಬು ಬರುವವರೆಗೆ ಮಾದರಿ ಕೊಳವೆಯ ಪಕ್ಕ ಹಿಡಿದು ನೋಡಿದಳು. ಮೂರು ಪ್ಲೇಟಿಗೆ ಸವರಿದಳು. ಮೂರರಲ್ಲೂ ಅಳಿಯ ಮಾವಂದಿರನ್ನು ಬೇರೆ ಬೇರೆ ಜಾಗದಲ್ಲಿ ಕೂರಿಸಿದಳು. ಈ ಸಲ ಆಸನದ ಅನುಕೂಲ ಯಾರಿಗೂ ಸಿಗಬಾರದು. ನಾಲ್ಕನೆಯದರಲ್ಲಿ ಆ ಸಭ್ಯ ಸೂಕ್ಷ್ಮಾಣುವನ್ನೇ ಬಿತ್ತಿದಳು, ಸಾಕ್ಷಿಗೆ ಇರಲಿ ಎಂದು. ಇನ್‌ಕ್ಯುಬೇಟರ್ ಬಾಗಿಲು ಮುಚ್ಚಿದಾಗ ಎರಡೂವರೆ.

ಮುಚ್ಚಿದ ಬಾಗಿಲ ಮೇಲೆ 'ತೆರೆದರೆ ಕೈ ಮುರಿಯಲಾಗುವುದು' ಎಂದು ಕಾಗದ ಅಂಟಿಸಿದ್ದು ಕುಕ್ಕರಣ್ಣ.

ಇನ್ನು ಮಾಡಲು ಏನೂ ಇರಲಿಲ್ಲ, ಅದೇ ಕಷ್ಟ. ಸಂಜೆ ಆರಕ್ಕೆ ವಾರ್ಡಿನಲ್ಲಿ ನೋಡಿದಾಗ ಕೆಂಪಿಗೂ ಗೆರೆಗೂ ನಡುವೆ ಒಂದೂವರೆ ಬೆರಳು ಉಳಿದಿತ್ತು. ಮನೆಗೆ ಹೋದವಳು ತಾಯಿಯ ಕಣ್ಣಿಗೆ ಹನಿ ಹಾಕಿದಳು, ಮಗಳ ಪುಸ್ತಕಕ್ಕೆ ಕವರ್ ಹಾಕಿದಳು, ಊಟದ ಮೇಜಿನ ಎದುರು ಕೂತು ತಟ್ಟೆ ನೋಡುತ್ತ ಉಳಿದಳು. ಮೇಷ್ಟ್ರು ಕಾಲಿನ ವಿಷಯ ಕೇಳಿ, ಏನಾದರೂ ಸಮಾಧಾನ ಹೇಳಬೇಕೆಂದು ಬಾಯಿ ತೆರೆದು, ಸೂಕ್ತವಾದದ್ದು ಸಿಗದೆ, ಮೇಜನ್ನು ಎರಡು ಕೈಯಿಂದ ಹಿಡಿದು ಅಲ್ಲಾಡಿಸಿ ನೋಡಿದರು. "ಗಟ್ಟಿಯಾಗಿದೆ ಕಣೆ," ಎಂದರು. ಆ ದಿನ ಅವಳ ಮುಖದಲ್ಲಿ ನಗುವಿನಂಥದ್ದು ಕಂಡದ್ದು ಆಗ ಮಾತ್ರ.

ಭಾನುವಾರ ಆರಕ್ಕೆ ಅವಳು ಲ್ಯಾಬಿನಲ್ಲಿದ್ದಳು. ಅವಳಿಗಿಂತ ಮೊದಲೇ ಬಂದು ಕುಕ್ಕರಣ್ಣ ಇನ್‌ಕ್ಯುಬೇಟರಿಗೆ ಕುರ್ಚಿ ಅಡ್ಡ ಹಾಕಿಕೊಂಡು ಕೂತಿದ್ದ. ಆರೂ ಹತ್ತಕ್ಕೆ ವಾರ್ಡಿನಿಂದ ಫೋನ್ ಬಂತು. ಕೆಂಪು ಬಂದು ಗೆರೆಯನ್ನು ಮುಟ್ಟಿದೆ, ಸರ್ಜನ್ ಬಂದಿದ್ದಾರೆ, ಸ್ಟ್ರೆಚರ್ ಹೊರಡುತ್ತಿದೆ.

"ತೆಗಿ ತಂಗಿ," ಎಂದ ಕುಕ್ಕರಣ್ಣ, ಕುರ್ಚಿ ಸರಿಸುತ್ತ. "ಇಪ್ಪತ್ತು ನಿಮಿಷಕ್ಕೆ ಏನಾಗುತ್ತೆ?"

ರಟ್ಟಕ್ಕನ ಕೈ ಹಿಡಿಕೆಯ ಮೇಲೆ ಇತ್ತು. ಒಂದು ಸುಳ್ಳಿನಿಂದ ಆದದ್ದನ್ನು ಇನ್ನೊಂದು ಅವಸರದಿಂದ ಸರಿಮಾಡಲು ಹೋದರೆ ಆ ಹೆಂಗಸಿನ ಮುಖ ಮತ್ತೆ ನೋಡಲಾಗದು. ಕೈ ತೆಗೆದಳು. ವಾರ್ಡಿಗೆ ಫೋನ್ ತಿರುಗಿಸಿ, ಆರೂವರೆಗೆ ಪ್ಲೇಟು ಹಿಡಿದು ಬರುತ್ತೇನೆ, ಥಿಯೇಟರಿನ ಬಾಗಿಲಲ್ಲಿ ಹೇಳಿ ಎಂದಳು. ಗೋಡೆ ಗಡಿಯಾರದ ಕೆಳಗೆ ಇಬ್ಬರೂ ನಿಂತರು.

ಆರೂವರೆ. ಬಾಗಿಲು ತೆರೆಯಿತು, ದ್ರಾಕ್ಷಿಯ ವಾಸನೆ ಬಂತು. ಸಾಕ್ಷಿ ಪ್ಲೇಟು ಮೊದಲು: ಪುಸ್ತಕದಲ್ಲಿ ಇದ್ದಂತೆಯೇ, ಕೂದಲಷ್ಟೂ ವ್ಯತ್ಯಾಸವಿಲ್ಲ. ಮೊದಲನೆಯ ಪ್ಲೇಟಿನಲ್ಲಿ ಅಳಿಯ ಹದಿನೈದು, ಮಾವ ಹದಿನಾರು. ಎರಡನೆಯದರಲ್ಲೂ ಅಷ್ಟೇ. ಮೂರನೆಯದರಲ್ಲಿ ಅಳಿಯ ಹದಿನಾಲ್ಕು, ಮಾವ ಹದಿನಾರು. ಪ್ಲೇಟುಗಳಿಗೆ ರಟ್ಟಿನ ರಬ್ಬರ್ ಬ್ಯಾಂಡನ್ನೇ ಹಾಕಿ, ಸ್ಕೇಲನ್ನು ಜೇಬಿಗೆ ತುರುಕಿ ರಟ್ಟಕ್ಕ ಓಡಿದಳು. ಐವತ್ತರ ಹತ್ತಿರದ ಹೆಂಗಸು ಉದ್ದದ ಕಾರಿಡಾರಿನಲ್ಲಿ ಓಡುವುದನ್ನು ಕಂಡು, ಹೊರರೋಗಿಗಳ ಬೆಂಚಿನಲ್ಲಿದ್ದವರು ಕಾಲು ಒಳಗೆಳೆದುಕೊಂಡರು.

ಥಿಯೇಟರಿನ ಹೊರಗೆ ಸ್ಟ್ರೆಚರ್ ನಿಂತಿತ್ತು. ಹೆಂಡತಿ ಅದರ ಕಂಬಿಯನ್ನು ಎರಡು ಕೈಯಿಂದ ಹಿಡಿದಿದ್ದಳು. ಬಿಡಿಸಲು ವಾರ್ಡ್ ಬಾಯ್‌ಗೆ ಮನಸ್ಸು ಬಂದಿರಲಿಲ್ಲ. ಹಸಿರು ಬಟ್ಟೆಯ ಸರ್ಜನ್ ಬಾಗಿಲಲ್ಲಿದ್ದರು.

"ಅಳಿಯ ಕೆಲಸಕ್ಕೆ ಬರಲ್ಲ ಸಾರ್," ಎಂದಳು ಏದುಸಿರಿನಲ್ಲಿ ರಟ್ಟಕ್ಕ. "ಮಾವನ್ನ ಕರೀಬೇಕು."

ಸರ್ಜನ್ ಹೆಂಡತಿಯ ಮುಖ ನೋಡಿದರು. ಹೆಂಡತಿ ಗಂಡನ ಮುಖ ನೋಡಿದಳು. "ನಮಗೆ ಅಳಿಯ ಇಲ್ವಲ್ಲ," ಎಂದ ಅಂಚೆಯವನು, ಮಲಗಿದಲ್ಲಿಂದಲೇ.

ರಟ್ಟಕ್ಕ ನಾಲಗೆ ಕಚ್ಚಿಕೊಂಡು ಔಷಧಗಳ ಸರಿಯಾದ ಹೆಸರು ಹೇಳಿ ಪ್ಲೇಟು ಮುಂದಿಟ್ಟಳು. ಸರ್ಜನ್ ಅವಳ ಸ್ಕೇಲು ಇಸಿದುಕೊಂಡರು. ತಾನೇ ಅಳೆಯುತ್ತೇನೆ ಎಂದರು. ಗೋಡೆಯ ಬದಿಯ ಸ್ಟೀಲ್ ಮೇಜಿನ ಮೇಲೆ ಪ್ಲೇಟಿಟ್ಟು ಬಗ್ಗಿದರು. ಕಟಕ್, ಎಂದಿತು ಮೇಜು. ಸ್ಕೇಲು ಜಾರಿತು. ಮತ್ತೆ ಇಟ್ಟರು. ಕಟಕ್.

ರಟ್ಟಕ್ಕ ಕೆಳಗಿಳಿದಳು. ಜೇಬಿನಲ್ಲಿ ಉಳಿದಿದ್ದ ಒಂದೇ ಒಂದು ತುಂಡು ಎಡಗಡೆಯ ಕಾಲಿನಡಿ ಹೋಯಿತು. ಸರ್ಜನ್ ಮೂರು ಪ್ಲೇಟನ್ನೂ ಎರಡೆರಡು ಸಲ ಅಳೆದರು. ನೆಟ್ಟಗಾದರು. ಹಳೆಯ ಔಷಧ ತರಲು ನರ್ಸಿಗೆ ಹೇಳಿದರು. ಪ್ರತಿದಿನ ಮೂತ್ರಪಿಂಡದ ರಕ್ತಪರೀಕ್ಷೆ ಆಗಬೇಕು ಎಂದರು. ಆಮೇಲೆ ಹೆಂಡತಿಗೆ, "ಸತ್ತ ಬೆರಳು ಎರಡು ತೆಗೀತೀನಿ, ಕೀವು ತೊಳೀತೀನಿ. ಪಾದ ಈಗ ಮುಟ್ಟಲ್ಲ," ಎಂದರು. "ನಾಳೆ ಬೆಳಿಗ್ಗೆವರೆಗೆ ಅಷ್ಟೇ ನಾನು ಕೊಡೋ ಗಡುವು." ಅವಳು ಕಂಬಿ ಬಿಟ್ಟಳು.

ಒಳಗೆ ಹೋಗುವ ಮೊದಲು ಹಳೆಯ ಗೆರೆಯ ಮೇಲೆ ಒಂದು ಬೆರಳು ಬಿಟ್ಟು ಹೊಸ ಗೆರೆ ಎಳೆದರು. ಆ ಭಾನುವಾರ ರಟ್ಟಕ್ಕ ಅದನ್ನು ನೋಡಲು ಐದು ಸಲ ಹೋದಳು. ಮಧ್ಯಾಹ್ನ ಕೆಂಪು ಹಳೆಯ ಗೆರೆ ದಾಟಿತ್ತು. ಸಂಜೆ ಹೊಸ ಗೆರೆಗೆ ಒಂದು ಉಗುರಿನಷ್ಟು ಬಾಕಿ. ಹೆಂಡತಿ ಇವಳನ್ನು ಕಂಡರೂ ಮಾತಾಡುತ್ತಿರಲಿಲ್ಲ, ಹೊದಿಕೆ ಮಾತ್ರ ಸರಿಸಿ ತೋರಿಸುತ್ತಿದ್ದಳು. ಸೋಮವಾರ ಬೆಳಿಗ್ಗೆಯೂ ಹಾಗೇ ಸರಿಸಿದಳು. ಉಗುರಿನಷ್ಟು ಇದ್ದದ್ದು ಉಗುರಿನಷ್ಟೇ ಇತ್ತು. ಮಂಗಳವಾರ ಕೆಂಪು ಹಳೆಯ ಗೆರೆಯಿಂದ ಕೆಳಗಿಳಿದಿತ್ತು. ಆ ದಿನ ಅವಳು ಸ್ಟೂಲನ್ನು ಅರ್ಧ ಬಿಟ್ಟು ಸರಿದು, ಕೂತ್ಕೊಳ್ಳಿ ಎಂದಳು.

ತಪಾಸಣೆಯವರು ಬಂದು, ಹಿಂಪಡೆದ ಏಳು ವರದಿಗಳ ಕಾಗದ ಓದಿ, ಇಷ್ಟು ಪ್ರಾಮಾಣಿಕ ದಾಖಲೆ ಎಲ್ಲೂ ನೋಡಿರಲಿಲ್ಲ ಎಂದು ಮುಖ್ಯಸ್ಥರ ಕೈ ಕುಲುಕಿದರು. ಮುಖ್ಯಸ್ಥರು ಅದನ್ನು ವಿನಯದಿಂದ ಸ್ವೀಕರಿಸಿದರು. ಲ್ಯಾಬಿನ ಮೇಜಿಗೆ ತಿರುಗಿಸಿ ಎತ್ತರಿಸುವ ಸ್ಕ್ರೂ ಕಾಲುಗಳು ಬಂದವು. ರಟ್ಟಕ್ಕ ಅವುಗಳಲ್ಲಿ ಒಂದರ ಕೆಳಗೆ, ಯಾರಿಗೂ ಕಾಣದಂತೆ, ತೆಳುವಾದ ರಟ್ಟೊಂದನ್ನು ಇಟ್ಟೇ ಇಟ್ಟಳು.

ಮೂರೂವರೆ ವಾರದ ನಂತರ ಅಂಚೆಯವನು ಎಂಟು ಬೆರಳಿನ ಎರಡು ಪಾದಗಳ ಮೇಲೆ, ಊರುಗೋಲು ಹಿಡಿದು, ಆಸ್ಪತ್ರೆಯ ಬಾಗಿಲವರೆಗೆ ನಡೆದ. ಬೀಳ್ಕೊಡಲು ಸರ್ಜನ್, ನರ್ಸುಗಳು, ಕುಕ್ಕರಣ್ಣ ಎಲ್ಲ ಸೇರಿದ್ದರು. ಸರ್ಜನ್ನರಿಗೆ ಅಂದು ಮಾತಾಡುವ ಹುಮ್ಮಸ್ಸು. ಒಂದು ಪಾದವನ್ನು ಉಳಿಸಿದ್ದು ಒಂದು ಗೀಳು ಎಂದರು. ಮಹಾನ್ ಶೋಧಗಳ ಹಿಂದೆಲ್ಲ ಇಂಥದೊಂದು ಹಟ ಇರುತ್ತದೆ ಎಂದರು. ಇದರ ಮೂಲ ತಿಳಿಯದೆ ತನಗೆ ನಿದ್ದೆ ಬರುತ್ತಿಲ್ಲ ಎಂದು ಕೊನೆಗೆ ಎಲ್ಲರ ಮುಂದೆ ಕೇಳಿಯೇಬಿಟ್ಟರು. ಬಡಗಿ ತಾತನ ಪಂಥದವರು, ದೀಪದ ಪಂಥದವರು, ಪ್ರೇಮಪತ್ರದ ಪಂಥದವರು ಒಬ್ಬರನ್ನೊಬ್ಬರು ತಳ್ಳಿಕೊಂಡು ಹತ್ತಿರ ಬಂದರು. ಅಂಚೆಯವನೂ ಊರುಗೋಲಿನ ಮೇಲೆ ಭಾರ ಬಿಟ್ಟು ನಿಂತ.

ರಟ್ಟಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಚಹಾ ಚೆಲ್ಲುತ್ತೆ ಸಾರ್," ಎಂದಳು. "ಒರೆಸೋಳು ನಾನೇ ತಾನೆ?"